ಶೇಂಗಾ ಎಷ್ಟು ಹುರಿದಿರಬೇಕು?

ಪೀನಟ್ ಬಟರ್‌ನಲ್ಲಿ ಯಾವ ಬ್ರ್ಯಾಂಡ್ ಒಳ್ಳೆಯದು ಎಂದು ಕೇಳುವವರಿಗೆ ನಾನು ಮರುಪ್ರಶ್ನೆ ಹಾಕುವುದುಂಟು: ನಿಮಗೆ ಶೇಂಗಾ ಎಷ್ಟು ಹುರಿದಿರಬೇಕು? ಬಹಳ ಮಂದಿ ತಬ್ಬಿಬ್ಬಾಗುತ್ತಾರೆ. ನಯವಾಗಿರಬೇಕೋ ತರಿತರಿಯಾಗಿರಬೇಕೋ, ಸಿಹಿ ಬೇಕೋ ಬೇಡವೋ, ಎಣ್ಣೆ ತೇಲಿದರೆ ಅಡ್ಡಿಯಿಲ್ಲವೋ ಎಂಬುದಕ್ಕೆಲ್ಲ ಉತ್ತರ ಸಿದ್ಧವಿರುತ್ತದೆ. ಹುರಿದ ಹದದ ಬಗ್ಗೆ ಮಾತ್ರ ಯೋಚಿಸಿರುವುದಿಲ್ಲ. ಯೋಚಿಸಲು ಆಸ್ಪದವೂ ಇಲ್ಲ. ಕಾಫಿ ಪೊಟ್ಟಣದ ಮೇಲೆ ಹದವನ್ನು ನಮೂದಿಸುವವರಿದ್ದಾರೆ; ಪೀನಟ್ ಬಟರ್ ಬಾಟಲಿಯ ಮೇಲೆ ಅದನ್ನು ಕಾಣುವುದು ತೀರಾ ಅಪರೂಪ. ಆಹಾರ ತಂತ್ರಜ್ಞನಾಗಿ ರುಚಿಪರೀಕ್ಷೆಗಳನ್ನು ನಡೆಸುತ್ತ ಬಂದ ನನಗೆ ಅನ್ನಿಸಿರುವುದು ಇಷ್ಟು: ಜನ ಬ್ರ್ಯಾಂಡಿನ ಹೆಸರಿನಲ್ಲಿ ಹೊಗಳುವುದೂ ತೆಗಳುವುದೂ ಬಹುಪಾಲು ಆ ಹದವನ್ನೇ.

ಹಸಿ ಶೇಂಗಾಕ್ಕೆ ನೆನೆಸಿದ ಕಾಳಿನ ವಾಸನೆಯಿದೆ. 160 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿಯಲ್ಲಿ ಕಾಳಿನೊಳಗಿನ ಸಕ್ಕರೆಯೂ ಅಮೈನೋ ಆಮ್ಲಗಳೂ ಕೂಡಿ ಪೈರಜೀನ್ ಎಂಬ ಘಮದ ಸಂಯುಕ್ತಗಳು ಹುಟ್ಟುತ್ತವೆ. ಹುರಿದ ಶೇಂಗಾದ ಪರಿಮಳ ಎಂದು ನಾವು ಗುರುತಿಸುವುದರಲ್ಲಿ ಇವುಗಳ ಪಾಲು ದೊಡ್ಡದು. ಕಾರ್ಖಾನೆಗಳು ಈ ಹದವನ್ನು ಬಣ್ಣದಿಂದ ಅಳೆಯುತ್ತವೆ. ಹಂಟರ್ ಮಾಪಕದಲ್ಲಿ ಕಪ್ಪಿಗೆ ಸೊನ್ನೆ, ಬಿಳಿಗೆ 100. ಮಧ್ಯಮ ಹದದ ಶೇಂಗಾ 50ರ ಹತ್ತಿರ ನಿಲ್ಲುತ್ತದೆ. ಅದಕ್ಕಿಂತ ಮೇಲೆಯೇ ಉಳಿದರೆ ಹಸಿ ವಾಸನೆ ಹೋಗುವುದಿಲ್ಲ, ತೀರಾ ಕೆಳಗಿಳಿದರೆ ಕಹಿ ಇಣುಕುತ್ತದೆ. ಡ್ರಮ್ಮಿನಿಂದ ಹೊರಬಿದ್ದ ಕಾಳು ತನ್ನದೇ ಕಾವಿನಲ್ಲಿ ಇನ್ನಷ್ಟು ಹುರಿಯುತ್ತ ಹೋಗುವುದರಿಂದ ತಕ್ಷಣ ಗಾಳಿ ಹಾಯಿಸಿ ತಣಿಸಬೇಕು. ಕಾಳುಗಳ ಗಾತ್ರವೂ ಒಂದೇ ಇರಬೇಕು. ಇಲ್ಲದಿದ್ದರೆ ಸಣ್ಣವು ಸೀಯುತ್ತವೆ, ದಪ್ಪವು ಹಸಿಯಾಗಿ ಉಳಿಯುತ್ತವೆ. ಅಮೆರಿಕದ ಪೀನಟ್ ಬಟರ್ ಉದ್ಯಮ ರನ್ನರ್ ತಳಿಗಳನ್ನು ನೆಚ್ಚಿಕೊಂಡಿರುವುದಕ್ಕೆ ಅವುಗಳ ಸಮಗಾತ್ರವೂ ಒಂದು ಕಾರಣ.

ಬಣ್ಣ ನೋಡಿದೊಡನೆ ಅರ್ಧ ತೀರ್ಪು ಹೊರಬಿದ್ದುಬಿಡುತ್ತದೆ. ಅದಕ್ಕಾಗಿಯೇ ರುಚಿಪರೀಕ್ಷೆಯ ಕೋಣೆಯಲ್ಲಿ ಕೆಂಪು ದೀಪ ಹಾಕಿ, ಬಟ್ಟಲುಗಳಿಗೆ ಮೂರಂಕಿಯ ಗುಪ್ತಸಂಖ್ಯೆ ಕೊಡುತ್ತೇವೆ. ತರಬೇತಾದವರು ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುವುದಿಲ್ಲ. ಹಸಿ ಕಾಳು, ಹುರಿದ ಶೇಂಗಾ, ಸೀದದ್ದು, ಸಿಪ್ಪೆಯ ಒಗರು, ರಟ್ಟು, ಪೇಂಟು ಎಂದು ವಾಸನೆಗಳನ್ನು ಬಿಡಿಸಿ ಅಂಕ ಕೊಡುತ್ತಾರೆ. ಕೊನೆಯ ಎರಡು, ಎಣ್ಣೆ ಕಮಟುತ್ತಿರುವುದರ ಗುರುತು. ಇದೇ ಬ್ರ್ಯಾಂಡ್ ಸೈ ಎಂದು ಹಟ ಹಿಡಿಯುವವರು ಕೆಂಪು ದೀಪದಡಿ ತಮ್ಮ ಬಾಟಲಿಯನ್ನು ಗುರುತಿಸಲಾಗದೆ ಕುಳಿತಿರುವುದನ್ನು ನೋಡುವುದರಲ್ಲಿ ಸಣ್ಣದೊಂದು ದುಷ್ಟ ಸುಖವಿದೆ ಎಂದರೆ ಸುಳ್ಳಲ್ಲ.

ಈ ಹಟಕ್ಕೆ ತವರು ಅಮೆರಿಕ. ಅಲ್ಲಿ ಜಿಫ್ ಮನೆ, ಸ್ಕಿಪ್ಪಿ ಮನೆ ಎಂದು ಎರಡು ಒಕ್ಕಲುಗಳೇ ಇವೆ. ಅಲ್ಲಿ ನೆಲೆಸಿರುವ ನಮ್ಮವರೂ ಯಾವುದಾದರೊಂದಕ್ಕೆ ಸೇರಿಕೊಳ್ಳುತ್ತಾರೆ. ಮಾಮೂಲಿ ನಯದ ಬಾಟಲಿಗಳ ಹಿಂಬದಿ ಓದಿದರೆ ಎರಡರಲ್ಲೂ ಹುರಿದ ಶೇಂಗಾ, ಸಕ್ಕರೆ, ಗಟ್ಟಿಗೊಳಿಸಿದ ಸಸ್ಯಜನ್ಯ ಎಣ್ಣೆ, ಉಪ್ಪು. ಜಿಫ್‌ನಲ್ಲಿ ಇವಲ್ಲದೆ ಒಂದಿಷ್ಟು ಕಾಕಂಬಿಯೂ ಇದೆ. ಅದರ ರುಚಿಯಲ್ಲಿ ಬೆಲ್ಲದ ನೆರಳು ಕಾಣುತ್ತದೆ ಎನ್ನುವವರು ತಪ್ಪು ಹೇಳುತ್ತಿಲ್ಲ.

ಎಣ್ಣೆ ತೇಲದಂತೆ ತಡೆಯಲು, ಹೈಡ್ರೋಜನ್ ಸೇರಿಸಿ ಗಟ್ಟಿಗೊಳಿಸಿದ ಎಣ್ಣೆ ಬೆರೆಸುವ ಉಪಾಯ ಜೋಸೆಫ್ ರೋಸ್‌ಫೀಲ್ಡ್ ಅವರದು. ಕ್ಯಾಲಿಫೋರ್ನಿಯಾದ ಈತ 1920ರ ದಶಕದ ಆರಂಭದಲ್ಲಿ ಪೇಟೆಂಟ್ ಪಡೆದರು, ಪೀಟರ್ ಪ್ಯಾನ್ ಬ್ರ್ಯಾಂಡಿನವರಿಗೆ ಪರವಾನಗಿ ಕೊಟ್ಟರು, ಅವರಿಂದ ಬೇರೆಯಾಗಿ 1930ರ ದಶಕದಲ್ಲಿ ಸ್ಕಿಪ್ಪಿಯನ್ನು ಕಟ್ಟಿದರು. ಜಿಫ್ ಬಂದದ್ದು 1958ರಲ್ಲಿ. ಮರುವರ್ಷವೇ ಅಲ್ಲಿನ ಸರ್ಕಾರ ಪೀನಟ್ ಬಟರ್‌ನಲ್ಲಿ ಶೇಂಗಾ ಎಷ್ಟಿರಬೇಕೆಂಬ ಮಾತೆತ್ತಿತು. ಶೇಕಡ 90 ಇರಲಿ ಎಂದಿತು ಸರ್ಕಾರ, 87 ಸಾಕು ಎಂದರು ತಯಾರಕರು. ಈ ಮೂರಕ್ಕಾಗಿ ಜಗ್ಗಾಟ ನಡೆದು, 90ರ ನಿಯಮ ಜಾರಿಯಾದದ್ದು 1971ರಲ್ಲಿ.

ಅರೆದಾಗ ಕಾಳಿನ ಕೋಶಗಳು ಒಡೆದು ಎಣ್ಣೆ ಹೊರಬರುತ್ತದೆ. ಶೇಂಗಾದ ತೂಕದ ಅರ್ಧದಷ್ಟು ಎಣ್ಣೆಯೇ. ಹಾಗಾಗಿ ಬರೀ ಶೇಂಗಾ ಅರೆದ ಬಾಟಲಿಯಲ್ಲಿ ಹಿಟ್ಟು ತಳಕ್ಕಿಳಿದು ಎಣ್ಣೆ ಮೇಲೇರುವುದು ಸಹಜ. ಶೇಕಡ ಒಂದೆರಡರಷ್ಟು ಗಟ್ಟಿ ಕೊಬ್ಬು ಬೆರೆಸಿದರೆ ಅದರ ಹರಳುಗಳ ಜಾಲದಲ್ಲಿ ಎಣ್ಣೆ ಸಿಕ್ಕಿಕೊಂಡು ಅಲುಗಾಡುವುದಿಲ್ಲ. ಇದಕ್ಕೆ ಮೂಗು ಮುರಿಯುವವರು ಒಂದು ವಿಷಯ ತಿಳಿದಿರಬೇಕು: ಟ್ರಾನ್ಸ್ ಕೊಬ್ಬಿನ ತಂಟೆ ಅರೆಬರೆ ಹೈಡ್ರೋಜನ್ ಸೇರಿಸಿದ ಎಣ್ಣೆಯದು, ಪೂರ್ತಿ ಸೇರಿಸಿದ್ದರಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ನನ್ನ ತಕರಾರು ಬೇರೆ. ಗಟ್ಟಿ ಕೊಬ್ಬಿದ್ದಾಗ ಮುದ್ದೆ ಬಾಯಲ್ಲಿ ನಿಧಾನವಾಗಿ ಕರಗುತ್ತದೆ, ಘಮ ತಡವಾಗಿ ಮೂಗಿಗೇರುತ್ತದೆ. ತೆಳುವಾಗಿ ಹುರಿದ ಶೇಂಗಾ ಇದ್ದರಂತೂ ಉಳಿಯುವುದು ಸಕ್ಕರೆ, ಉಪ್ಪು, ಜಿಡ್ಡು.

ತರಿಯ ವಿಚಾರಕ್ಕೆ ಬಂದರೆ ನಾನು ಪಕ್ಷಪಾತಿ. ಅದನ್ನು ಕಡಿಮೆ ಅರೆದು ಮಾಡುತ್ತಾರೆಂದು ಹಲವರು ತಿಳಿದಿದ್ದಾರೆ. ಸಾಮಾನ್ಯವಾಗಿ ನಯವಾದ ಮುದ್ದೆಗೆ ಕತ್ತರಿಸಿದ ಕಾಳನ್ನು ಬೆರೆಸುತ್ತಾರೆ. ಮುದ್ದೆಯಲ್ಲಿ ನೀರಿನಂಶ ಇಲ್ಲದಷ್ಟು ಕಡಿಮೆ ಇರುವುದರಿಂದ ಚೂರುಗಳು ತಿಂಗಳುಗಟ್ಟಲೆ ಗರಿಯಾಗಿಯೇ ಉಳಿಯುತ್ತವೆ. ಒಂದು ಚೂರನ್ನು ಬೇರೆ ಮಾಡಿ ಕಚ್ಚಿ ನೋಡಿ, ಲೇಬಲ್ ಹೇಳದ ಹದವನ್ನು ಅದು ಹೇಳುತ್ತದೆ. ಚಾಕೊಲೇಟ್ ಬೆರೆಸಿದ ಬಾಟಲಿಯಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ. ಮಂಕಾದ ಶೇಂಗಾವನ್ನು ಮುಚ್ಚಲು ಅದಕ್ಕಿಂತ ಒಳ್ಳೆಯ ಹೊದಿಕೆ ಇಲ್ಲ.

ನಮ್ಮಲ್ಲಿ ಈ ಮಾರುಕಟ್ಟೆ ಬೆಳೆದದ್ದು ಜಿಮ್‌ಗಳ ಬೆನ್ನಿಗೆ. ಅಹಮದಾಬಾದಿನ ಪಿಂಟೋಲಾ, ಸೂರತ್ತಿನ ಅಲ್ಪಿನೋ ಈಗ ಸಣ್ಣ ಊರಿನ ಅಂಗಡಿಗೂ ಬಂದಿವೆ. ಬಾಟಲಿಯ ಮುಂಬದಿಯಲ್ಲಿ ಪ್ರೋಟೀನಿನ ಅಂಕಿಯೇ ಎದ್ದು ಕಾಣುತ್ತದೆ. ಪ್ರೋಟೀನ್ ಪುಡಿ ಬೆರೆಸದ ಬಹುತೇಕ ಬಾಟಲಿಗಳಲ್ಲಿ ಅದು 100 ಗ್ರಾಮಿಗೆ 22ರಿಂದ 30 ಗ್ರಾಮಿನ ಆಸುಪಾಸು, ಏಕೆಂದರೆ ಶೇಂಗಾದಲ್ಲಿರುವುದೇ ಅಷ್ಟು. ಎರಡು ಚಮಚದಲ್ಲಿ, ಅಂದರೆ ಸುಮಾರು 32 ಗ್ರಾಮಿನಲ್ಲಿ, ಏಳೆಂಟು ಗ್ರಾಮ್ ಪ್ರೋಟೀನಿನ ಜೊತೆಗೆ 190 ಕ್ಯಾಲೊರಿ ಬರುತ್ತದೆ. ಆಯ್ಕೆಗೆ ಅದೊಂದು ಆಧಾರವೇ ಅಲ್ಲ.

ಗಮನಿಸಬೇಕಾದ ಮಾತು ತಳಿಯದು. ಎಣ್ಣೆಯಲ್ಲಿ ಓಲಿಯಿಕ್ ಎಂಬ ಕೊಬ್ಬಿನಾಮ್ಲ ಹೆಚ್ಚಿರುವ ಶೇಂಗಾ ಬೇಗ ಕಮಟುವುದಿಲ್ಲ. ಇಂಥ ಗಿರ್ನಾರ್ 4, ಗಿರ್ನಾರ್ 5 ತಳಿಗಳನ್ನು 2020ರಲ್ಲಿ ದೇಶಕ್ಕೆ ಸಮರ್ಪಿಸಲಾಯಿತು. ಚಳ್ಳಕೆರೆ, ಪಾವಗಡದ ಕಡೆಯ ಶೇಂಗಾ ಬಹುಕಾಲ ಎಣ್ಣೆ ಗಾಣಕ್ಕೆಂದೇ ಬೆಳೆದದ್ದು. ಅಲ್ಲಿ ಇಂಥ ತಳಿಗಳು ನೆಲೆಯೂರಿದರೆ ಬಾಟಲಿ ತುಂಬುವ ಕೆಲಸವೂ ಗುಜರಾತಿಗೇ ಮೀಸಲಾಗಬೇಕಿಲ್ಲ.

ನನಗೆ ಬೇಕಾದದ್ದು ಮಧ್ಯಮಕ್ಕಿಂತ ಒಂದು ಮಟ್ಟ ಹೆಚ್ಚು ಹುರಿದ, ತರಿಯಿರುವ, ಉಪ್ಪು ಹಾಕಿದ, ಸಕ್ಕರೆಯಿಲ್ಲದ ಪೀನಟ್ ಬಟರ್. ರೊಟ್ಟಿಯ ಜೊತೆ ಶೇಂಗಾ ಹಿಂಡಿ ತಿಂದು ಬೆಳೆದ ನಾಲಿಗೆಗೆ ಸಿಹಿ ಒಗ್ಗುವುದಿಲ್ಲ. ಅಂಗಡಿಯಲ್ಲಿ ಈ ಹದ ಸಿಗುವುದು ಅಪರೂಪವಾದ್ದರಿಂದ ಮನೆಯಲ್ಲೇ ಮಾಡುತ್ತೇನೆ. ಸಣ್ಣ ಉರಿಯಲ್ಲಿ ಹುರಿದು, ಅಗಲ ತಟ್ಟೆಗೆ ಸುರಿದು ತಣಿಸಿ, ಸಿಪ್ಪೆ ಉಜ್ಜಿ ತೆಗೆದು, ಒಗರಿರುವ ಮೊಳಕೆಯ ಮೂತಿಯನ್ನೂ ಕೇರಿ ತೆಗೆಯಬೇಕು. ಒಂದು ಹಿಡಿಯನ್ನು ಜಜ್ಜಿ ಪಕ್ಕಕ್ಕಿಡಿ. ಉಳಿದದ್ದು ಮಿಕ್ಸಿಯಲ್ಲಿ ಮೊದಲು ಪುಡಿಯಾಗುತ್ತದೆ, ಆಮೇಲೆ ಮುದ್ದೆಗಟ್ಟಿ ಜಾರಿಗೆ ಮೆತ್ತಿಕೊಳ್ಳುತ್ತದೆ. ಅನೇಕರು ಇಲ್ಲಿಯೇ ಧೈರ್ಯಗೆಟ್ಟು ನೀರು ಹಾಕುತ್ತಾರೆ. ಒಂದು ಚಮಚ ನೀರು ಬಿದ್ದರೂ ಅದು ಸಡಿಲವಾಗುವ ಬದಲು ಇನ್ನಷ್ಟು ಬಿಗಿಯುತ್ತದೆ, ಬೇಗ ಕೆಡುತ್ತದೆ ಕೂಡ. ಜಾರು ಬಿಸಿಯಾದರೆ ನಿಲ್ಲಿಸಿ, ಬದಿಯನ್ನು ಕೆರೆದು, ಮತ್ತೆ ತಿರುಗಿಸಿ. ಎಣ್ಣೆ ಬಿಟ್ಟುಕೊಂಡು ತಾನಾಗಿ ಸಡಿಲವಾಗುತ್ತದೆ. ಜಜ್ಜಿದ್ದನ್ನೂ ಉಪ್ಪನ್ನೂ ಕೊನೆಗೆ ಕಲಸಿ, ಎಣ್ಣೆ ಬೇರ್ಪಡುವ ಮೊದಲೇ ಫ್ರಿಜ್ಜಿನಲ್ಲಿಟ್ಟರೆ ಮುಂದೆ ಕಲಕುವ ಕೆಲಸವೂ ಅಷ್ಟಾಗಿ ಬೀಳುವುದಿಲ್ಲ.