ಆ ಕಪ್ಪು ಯಾವ ಪೆನ್ನಿನದು ಅಂತ ಕೇಳುವವರಿಗೆ

ಪ್ರಶ್ನೆ: “ಅಣ್ಣಾ, ಸಿನ್ ಸಿಟಿ, ಹೆಲ್‌ಬಾಯ್ ಕಾಮಿಕ್ಸ್ ಥರ ಕಡುಗಪ್ಪು ಬರ್ಬೇಕಂದ್ರ ಯಾವ ಪೆನ್ನು ತಗೋಬೇಕ್ರಿ? ಇಲ್ಲಿ ಸಿಗೋದು ಬ್ಯಾಡ, ಫಾರಿನ್‌ದು ಹೇಳ್ರಿ.” (ಕೊಪ್ಪಳದ ಓದುಗ)

ಇದೇ ಪ್ರಶ್ನೆ ರಾಯಚೂರಿನಿಂದ ಬಂದಿದೆ, ಸಿಂಧನೂರಿನಿಂದ ಬಂದಿದೆ, ನಮ್ಮ ಬಳ್ಳಾರಿ ಹುಡುಗರಂತೂ ದಾರಿಯಲ್ಲಿ ನಿಲ್ಲಿಸಿ ಕೇಳುತ್ತಾರೆ. “ಇಲ್ಲಿ ಸಿಗೋದು ಬ್ಯಾಡ” ಅನ್ನುವ ಬಾಲವನ್ನು ಮಾತ್ರ ಒಬ್ಬರೂ ಬಿಡುವುದಿಲ್ಲ. ಅವಸರ ಇದ್ದವರಿಗೆ ಉತ್ತರ ಇಲ್ಲೇ ಇದೆ: 2 ನಂಬರಿನ ರೌಂಡ್ ಬ್ರಷ್ಷು, ಅದ್ದಿ ಬರೆಯುವ ಒಂದು ನಿಬ್ಬು, ಒಂದು ಬಾಟಲಿ ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕು, ದಪ್ಪನೆಯ ಐವರಿ ಶೀಟು. ಇಂಕು ಕ್ಯಾಮೆಲ್‌ದಾದರೂ ನಡೆಯುತ್ತದೆ. ಜೆರಾಕ್ಸ್ ಹಾಳೆ ಮಾತ್ರ ಬೇಡ, ಇಂಕು ಹರಡಿ ಗೆರೆಗೆ ಕೂದಲು ಬರುತ್ತದೆ.

ಇನ್ನು ಫಾರಿನ್ ಪೆನ್ನಿನ ವಿಚಾರ.

ಪುಟದ ಮೇಲೆ ನೀವು ಕಣ್ಣರಳಿಸಿ ನೋಡುವ ಕಪ್ಪು ಚಿತ್ರಕಾರನ ಇಂಕಲ್ಲ, ಪ್ರೆಸ್ಸಿನ ಇಂಕು. ಇದನ್ನು ಎಷ್ಟು ಸಲ ಹೇಳಿದರೂ ತಲೆ ಆಡಿಸಿ, ಕೊನೆಗೆ “ಆದ್ರೂ ಯಾವ ಪೆನ್ನು?” ಅನ್ನುತ್ತಾರೆ. ಆದ್ದರಿಂದ ಬಿಡಿಸಿ ಹೇಳುತ್ತೇನೆ. ಕಪ್ಪು-ಬಿಳುಪು ಗೆರೆಚಿತ್ರ ಅಚ್ಚಿಗೆ ಹೋಗುವ ಮುಂಚೆ ಸ್ಕ್ಯಾನ್ ಆಗುತ್ತದೆ, ಹಿಂದಿನ ಕಾಲದಲ್ಲಾದರೆ ಕ್ಯಾಮೆರಾದಲ್ಲಿ ಫಿಲ್ಮಿಗೆ ಇಳಿಯುತ್ತಿತ್ತು. ಅಲ್ಲಿ ಒಂದೊಂದು ಚುಕ್ಕೆಗೂ ಎರಡೇ ಗತಿ: ಪೂರ್ತಿ ಕಪ್ಪು, ಇಲ್ಲವೇ ಪೂರ್ತಿ ಬಿಳಿ. ನೀವು ಜಪಾನಿನ ಇಂಕು ತುಂಬಿದರೂ ಅಷ್ಟೇ, ಬ್ರೂಸ್‌ಪೇಟೆಯಲ್ಲಿ ಕೊಂಡ ಇಂಕು ತುಂಬಿದರೂ ಅಷ್ಟೇ. ಅಸಲಿ ಹಾಳೆಗಳ ಫೋಟೊ ಹುಡುಕಿ ನೋಡಿ. ಕಪ್ಪು ತುಂಬಿದಲ್ಲಿ ಬ್ರಷ್ಷಿನ ಪಟ್ಟೆ ಕಾಣುತ್ತದೆ, ಕೈ ತಪ್ಪಿದಲ್ಲಿ ಬಿಳಿ ಬಣ್ಣದ ತೇಪೆ, ಅಡಿಯಲ್ಲಿ ನೀಲಿ ಪೆನ್ಸಿಲ್ಲು, ಇಲ್ಲಿ ಕಪ್ಪು ತುಂಬು ಅಂತ ಹೇಳುವ ಪುಟ್ಟ ಗುಣಾಕಾರದ ಗುರುತು. ಪ್ರೆಸ್ಸಿಗೆ ಹೋಗಿ ಬಂದ ಮೇಲೆ ಎಲ್ಲ ಮಂಗಮಾಯ.

“ಅಷ್ಟು ಸಣ್ಣ ಗೆರೆ?” ಅದಕ್ಕೂ ಕಾರಣ ಪೆನ್ನಲ್ಲ. ಅಮೆರಿಕದ ಕಾಮಿಕ್ಸ್ ಚಿತ್ರಕಾರರ ಹಾಳೆ 11x17 ಇಂಚು. ಅಚ್ಚಾಗುವಾಗ ಚಿತ್ರ ಹೆಚ್ಚುಕಡಿಮೆ ಮೂರನೇ ಎರಡು ಪಾಲಿಗೆ ಕುಗ್ಗುತ್ತದೆ. ಗೆರೆಯ ಜೊತೆಗೆ ಕೈ ನಡುಗಿದ್ದೂ ಕುಗ್ಗುತ್ತದೆ! ನೀವೂ ಎ3 ಹಾಳೆಯಲ್ಲಿ ಬರೆದು ಎ4ಕ್ಕೆ ಇಳಿಸಿ ನೋಡಿ, 0.5 ಮಿ.ಮೀ. ಗೆರೆ 0.35 ಆಗಿರುತ್ತದೆ.

ಇಷ್ಟಕ್ಕೂ ನಂಬದವರು ‘ಮೌಸ್’ ಅನ್ನುವ ಕಾಮಿಕ್ಸ್ ಓದಿ. ನಾಜಿ ಶಿಬಿರದಿಂದ ಬದುಕಿ ಬಂದ ಅಪ್ಪನ ಕಥೆಯನ್ನು ಆರ್ಟ್ ಸ್ಪೀಗಲ್‌ಮನ್ ಬರೆದದ್ದು ಫೌಂಟನ್ ಪೆನ್ನಿನಲ್ಲಿ, ಟೈಪಿಂಗ್ ಹಾಳೆಯ ಮೇಲೆ, ತಪ್ಪಾದರೆ ವೈಟ್ನರ್. ಎಲ್ಲವೂ ಸ್ಟೇಷನರಿ ಅಂಗಡಿಯ ಸಾಮಾನೇ. ಕುಗ್ಗಿಸುವ ಉಪಾಯವನ್ನೂ ಅವರು ಬಳಸಲಿಲ್ಲ, ಅಚ್ಚಾದಷ್ಟೇ ಅಳತೆಯಲ್ಲಿ ಬರೆದರು. 1992ರಲ್ಲಿ ಅದಕ್ಕೆ ಪುಲಿಟ್ಜರ್ ವಿಶೇಷ ಪ್ರಶಸ್ತಿ ಬಂತು. ಅದಕ್ಕಿಂತ ಕರಾಳವಾದ ಕಾಮಿಕ್ಸ್ ನಾನು ಓದಿಲ್ಲ, ಆದರೆ ಕಪ್ಪು ಬಳಿದ ಜಾಗ ಅದರಲ್ಲಿ ಸಿನ್ ಸಿಟಿಗಿಂತ ಎಷ್ಟೋ ಕಡಿಮೆ. ‘ಫ್ರಮ್ ಹೆಲ್’ನಲ್ಲಿ ಎಡ್ಡಿ ಕ್ಯಾಂಪ್‌ಬೆಲ್ ಲಂಡನ್ನಿನ ಕತ್ತಲನ್ನು ಗೀರಿದಂಥ ಗೆರೆಗಳಿಂದಲೇ ಕಟ್ಟಿದ್ದಾರೆ. ಅರ್ಜೆಂಟೀನಾದ ಅಲ್ಬರ್ಟೊ ಬ್ರೆಚ್ಚಾ 1962ರಲ್ಲಿ ಶುರುವಾದ ‘ಮೊರ್ಟ್ ಸಿಂಡರ್’ ಕಾಮಿಕ್ಸ್‌ಗೆ ಶೇವಿಂಗ್ ಬ್ಲೇಡನ್ನೂ ಬಳಸಿದರು. ಬ್ಲೇಡು ಯಾವ ಕಂಪನಿಯದು ಅಂತ ದಯವಿಟ್ಟು ಕೇಳಬೇಡಿ.

ಪಿಗ್ಮಾ ಮೈಕ್ರಾನ್ ಅನ್ನುವ ಸಣ್ಣ ಮೊನೆಯ ಫಾರಿನ್ ಪೆನ್ನು ಕೆಟ್ಟದ್ದು ಅಂತಲ್ಲ. ಕಿಟಕಿ ಸರಳು, ಕರೆಂಟು ವೈರು, ಅಕ್ಷರ ಇವಕ್ಕೆಲ್ಲ ನಾನೂ ಅದನ್ನೇ ಹಿಡಿಯುತ್ತೇನೆ. ಆದರೆ ಅದರ 005 ನಂಬರು ಅಂದರೆ 0.20 ಮಿ.ಮೀ. ತುದಿ. ಅದರಲ್ಲಿ ರಾತ್ರಿಯ ಆಕಾಶ ತುಂಬಲು ಕೂರುವುದು ಹಲ್ಲುಜ್ಜುವ ಬ್ರಷ್ಷಿನಿಂದ ಗೋಡೆಗೆ ಸುಣ್ಣ ಬಳಿದ ಹಾಗೆ. ಮೇಲಿಂದ ರಬ್ಬರ್ ಉಜ್ಜಿದರೆ ಗೆರೆ ಮಸುಕಾಗುತ್ತದೆ. ವಿನ್ಸರ್ ಅಂಡ್ ನ್ಯೂಟನ್ ಸೀರೀಸ್ 7 ಬ್ರಷ್ಷೂ ಸೊಗಸೇ, ಕೈಯಲ್ಲಿ ದುಡ್ಡಿದ್ದರೆ ತಗೊಳ್ಳಿ. ಕಲಿಯುವಾಗ ಬೇಡ, ಹಾಳು ಮಾಡಿಕೊಳ್ಳುತ್ತೀರಿ.

ನೀವು ಕೇಳಬೇಕಾಗಿದ್ದದ್ದು ಬಿಳಿ ಎಲ್ಲಿ ಬಿಡಬೇಕು ಅಂತ. ಮೈಕ್ ಮಿನ್ಯೋಲಾ ಹೆಲ್‌ಬಾಯ್‌ನಲ್ಲಿ ಮೈಯನ್ನೆಲ್ಲ ನೆರಳಿಗೆ ಕೊಟ್ಟು, ಅಂಚಿನ ಒಂದು ಚೂರಿಗಷ್ಟೇ ಬೆಳಕು ಉಳಿಸುತ್ತಾರೆ. ಆ ಚೂರಿನಿಂದಲೇ ಅಲ್ಲಿ ಯಾರು ನಿಂತಿದ್ದಾರೆ ಅಂತ ನಮಗೆ ತಿಳಿಯುತ್ತದೆ. ಇದನ್ನು ಕಲಿಯಲು ಸಂಜೆ ಐದೂವರೆಗೆ ನಮ್ಮ ಕೋಟೆ ಗುಡ್ಡದ ಎದುರು ಕಣ್ಣು ಅರೆಮುಚ್ಚಿ ನಿಲ್ಲಿ. ಬಂಡೆಗಳಲ್ಲಿ ಎರಡೇ ಬಣ್ಣ ಉಳಿಯುತ್ತವೆ. ಕೊಪ್ಪಳದವರಿಗೆ ಇನ್ನೂ ಹತ್ತಿರದ ಗುರುಗಳಿದ್ದಾರೆ, ತೊಗಲುಗೊಂಬೆಯವರು. ಗೊಂಬೆಯ ಒಡವೆಯನ್ನು ಅವರು ಬಣ್ಣದಿಂದಷ್ಟೇ ಮಾಡುವುದಿಲ್ಲ. ಚರ್ಮಕ್ಕೆ ಸಾಲಾಗಿ ತೂತು ಹೊಡೆದು ಹಿಂದಿನ ದೀಪದ ಬೆಳಕನ್ನೇ ಒಡವೆ ಮಾಡುತ್ತಾರೆ. ಮೊರನಾಳದ ಭೀಮವ್ವನಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ಫೋಟೊ ಹಂಚಿದಿರಿ. ಗೊಂಬೆಯನ್ನು ಹತ್ತಿರ ಹೋಗಿ ನೋಡಿದವರು ಎಷ್ಟು ಮಂದಿ?

ಯಾರೂ ಕೇಳದ ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಕೇಳದೆಯೇ ಮಾಡಿ ಕೆಡಿಸುತ್ತೀರಿ. ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕನ್ನು ಫೌಂಟನ್ ಪೆನ್ನಿಗೆ ತುಂಬಬೇಡಿ. ಅದರಲ್ಲಿ ಮಸಿಯ ಜೊತೆ ಅರಗಿನಂಥ ಅಂಟು ಇರುತ್ತದೆ, ಒಣಗಿದರೆ ಪೆನ್ನಿನ ಗಂಟಲು ಕಟ್ಟುತ್ತದೆ. ಬ್ರಷ್ಷನ್ನೂ ತಗಡಿನ ಬುಡದವರೆಗೆ ಅದ್ದಬೇಡಿ; ಅಲ್ಲಿ ಇಂಕು ಗಟ್ಟಿಯಾದರೆ ಮೊನೆ ಮತ್ತೆ ಕೂಡುವುದಿಲ್ಲ. ನಮ್ಮ ಏಪ್ರಿಲ್-ಮೇ ಬಿಸಿಲಲ್ಲಿ, ಅದೂ ಫ್ಯಾನಿನ ಕೆಳಗೆ, ತೆರೆದಿಟ್ಟ ಇಂಕು ಬೇಗ ಕೆನೆಗಟ್ಟುತ್ತದೆ. ಬೇಕಾದಷ್ಟನ್ನೇ ಮುಚ್ಚಳಕ್ಕೆ ಸುರಿದುಕೊಂಡು ಬಾಟಲಿ ಮುಚ್ಚಿಡಿ, ಗಟ್ಟಿಯಾದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಎರಡು ಹನಿ ಬೆರೆಸಿ. ಬೋರಿನ ನೀರು ಬೇಡ. ಅಂಗೈ ಬೆವರುತ್ತದೆ, ಕೈ ಕೆಳಗೆ ಇನ್ನೊಂದು ಹಾಳೆ ಇಟ್ಟುಕೊಳ್ಳಿ.