ಮೊದಲು ಡಿಸ್ಕ್, ಆಮೇಲೆ ರ‍್ಯಾಮ್

ಮಂಗಳೂರು ಹಂಪನಕಟ್ಟೆಯ ನಮ್ಮ ಅಂಗಡಿಗೆ ಹಳೆ ಲ್ಯಾಪ್‌ಟಾಪ್ ತರುವವರಲ್ಲಿ ಹೆಚ್ಚಿನವರು ಕೇಳುವುದು ಒಂದೇ: "ಭಾರೀ ಸ್ಲೋ, ರ‍್ಯಾಮ್ ಹಾಕಿ ಕೊಡಿ." ಟಾಸ್ಕ್ ಮ್ಯಾನೇಜರ್ ತೆರೆದರೆ 8 ಜಿಬಿ ರ‍್ಯಾಮ್‌ನಲ್ಲಿ ಅರ್ಧವೂ ಬಳಕೆಯಾಗಿರುವುದಿಲ್ಲ, ಡಿಸ್ಕ್ ಮಾತ್ರ ಶೇ. 100ರಲ್ಲಿ ಏದುಸಿರು ಬಿಡುತ್ತಿರುತ್ತದೆ. ಅಂಥದ್ದಕ್ಕೆ ಎಷ್ಟು ರ‍್ಯಾಮ್ ಸುರಿದರೂ ದಂಡ, ಮಾರಾಯ್ರೆ.

ಹಾರ್ಡ್ ಡಿಸ್ಕ್‌ನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಸಣ್ಣಪುಟ್ಟ ಫೈಲ್ ಒಂದೊಂದಕ್ಕೂ ಓದುವ ಹೆಡ್ ಅತ್ತಿಂದಿತ್ತ ಸರಿಯಬೇಕು. ವಿಂಡೋಸ್ ಶುರುವಾಗುವಾಗ ಇಂಥವು ಸಾವಿರಾರು. ಎಸ್‌ಎಸ್‌ಡಿ ಎಂದರೆ ಚಿಪ್‌ಗಳಲ್ಲೇ ಫೈಲ್ ಇಡುವ ಡಿಸ್ಕ್; ಅದರಲ್ಲಿ ಸರಿಯುವ ಭಾಗವೇ ಇಲ್ಲ, ಹಾಗಾಗಿ ಆ ಕಾಯುವಿಕೆಯೂ ಇಲ್ಲ. 2.5 ಇಂಚಿನ ಸಾಟಾ (ಹಳೆ ಡಿಸ್ಕ್‌ನದ್ದೇ ಜೋಡಣೆ) ಎಸ್‌ಎಸ್‌ಡಿ ಹಳೆ ಡಿಸ್ಕ್‌ನ ಜಾಗದಲ್ಲೇ ಕೂರುತ್ತದೆ. ಎಂ.2 ಸ್ಲಾಟ್ (ಚಿಕ್ಕ ಪಟ್ಟಿಯಂಥ ಎಸ್‌ಎಸ್‌ಡಿ ಕೂರುವ ಜಾಗ) ಇದ್ದರೆ ಅದು ಸಾಟಾವೋ, ಅದಕ್ಕಿಂತ ವೇಗದ ಎನ್‌ವಿಎಂಇಯೋ ಎಂದು ಮಾಡೆಲ್ ನಂಬರ್ ಹಾಕಿ ನೋಡಿಕೊಂಡೇ ಖರೀದಿಸಿ.

4 ಜಿಬಿ ಇದ್ದವರಿಗೆ ರ‍್ಯಾಮ್ ಕೂಡ ಬೇಕೇ ಬೇಕು. ಎಡವುವುದು ಇಲ್ಲಿಯೇ. ರ‍್ಯಾಮ್‌ನ ಬಗೆಗಳಾದ ಡಿಡಿಆರ್3 ಮತ್ತು ಡಿಡಿಆರ್3ಎಲ್ ಎರಡಕ್ಕೂ 204 ಪಿನ್, ಕಚ್ಚೂ ಒಂದೇ ಕಡೆ, ಸ್ಲಾಟ್‌ನಲ್ಲಿ ಸಲೀಸಾಗಿ ಕೂರುತ್ತವೆ. ಆದರೆ ಮೊದಲನೆಯದು 1.5 ವೋಲ್ಟ್, ಎರಡನೆಯದು 1.35. ಇಂಟೆಲ್ 4, 5ನೇ ತಲೆಮಾರಿನ ಪ್ರೊಸೆಸರ್ ಇರುವ ತೆಳು ಲ್ಯಾಪ್‌ಟಾಪ್‌ಗಳಿಗೆ 1.35ರದ್ದೇ ಆಗಬೇಕು; ಇಲ್ಲದಿದ್ದರೆ ಪವರ್ ಲೈಟ್ ಉರಿಯುತ್ತದೆ, ಪರದೆ ಕಪ್ಪು. ಸ್ಟಿಕ್ಕರ್‌ನಲ್ಲಿ ಪಿಸಿ3ಎಲ್ (1.35 ವೋಲ್ಟಿನದ್ದರ ಗುರುತು) ಎಂದಿದೆಯೇ ನೋಡಿ. ಕೆಲವು ಮಾಡೆಲ್‌ಗಳಲ್ಲಂತೂ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಅಲ್ಲಿಗೆ ಮಾತು ಮುಗಿಯಿತು.

ನಮ್ಮ ಕರಾವಳಿಯದ್ದು ಬೇರೆಯೇ ತಾಪತ್ರಯ, ಉಪ್ಪುಗಾಳಿ. ಮಲ್ಪೆ, ಪಣಂಬೂರು ಕಡೆಯಿಂದ ಬಂದ ಯಂತ್ರ ಬಿಚ್ಚಿದರೆ ಸ್ಕ್ರೂಗಳಿಗೆ ತುಕ್ಕು, ರ‍್ಯಾಮ್‌ನ ಚಿನ್ನದ ಬಣ್ಣದ ಅಂಚು ಮಂಕು. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ ಮತ್ತೆ ಕೂರಿಸಿದರೆ ಎಷ್ಟೋ "ಸತ್ತ" ಲ್ಯಾಪ್‌ಟಾಪ್‌ಗಳು ಎದ್ದು ಕೂರುತ್ತವೆ. ಸ್ಲಾಟ್ ಒಳಗೆ ಹಸಿರು ಹಿಡಿದಿದ್ದರೆ ಮಾತ್ರ ಹೊಸ ರ‍್ಯಾಮ್‌ಗೆ ದುಡ್ಡು ಹಾಕಬೇಡಿ ಎನ್ನುತ್ತೇನೆ.

ಇನ್ನೊಂದು ಲೆಕ್ಕ ಇದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಇಂಟೆಲ್ 8ನೇ ತಲೆಮಾರಿಗಿಂತ ಹಳೆಯ ಪ್ರೊಸೆಸರ್‌ಗೆ, ಬೆರಳೆಣಿಕೆಯ ಅಪವಾದ ಬಿಟ್ಟರೆ, ವಿಂಡೋಸ್ 11 ಅಧಿಕೃತವಾಗಿ ಸಿಗದು. ವಿಂಡೋಸ್ ಬದಲು ಉಚಿತ ಲಿನಕ್ಸ್ ಆದೀತು ಎನ್ನುವವರಿಗೆ ಖರ್ಚು ಮಾಡಿ ಎಂದು ಧೈರ್ಯವಾಗಿ ಹೇಳಬಲ್ಲೆ.

ಡಿಸ್ಕ್ ಕ್ಲೋನ್ ಮಾಡಿಸುವ (ಇದ್ದದ್ದೆಲ್ಲ ಹೊಸದಕ್ಕೆ ನಕಲಿಸುವ) ಮುಂಚೆ, ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಹಳೆ ಡಿಸ್ಕ್ ಅನ್ನು ಕೂಡಲೇ ಫಾರ್ಮ್ಯಾಟ್ ಮಾಡಿಸಬೇಡಿ. ಮಕ್ಕಳ ಫೋಟೋ, ಟ್ಯಾಲಿ ಡೇಟಾ ಎಲ್ಲ ಹೊಸದರಲ್ಲಿ ತೆರೆದು ನೋಡುವವರೆಗೆ ಕಪಾಟಿನಲ್ಲಿರಲಿ.