ಡೆಪ್ಯುಟಿ ಹೆಡ್ ಯಾಕೆ ಹಾಗೆ ಕೆಲಸ ಮಾಡ್ತಾರೆ?

ಯಾವ ಪ್ರೈಮರಿ ಸ್ಕೂಲಿಗೆ ಹೋದ್ರೂ ನಾನು ಮೊದಲು ಕೇಳೋದು ಸಬ್‌ಸ್ಟಿಟ್ಯೂಷನ್ ರಿಜಿಸ್ಟರ್. ರಜೆ ಹಾಕಿದ ಟೀಚರ್ ಕ್ಲಾಸಿಗೆ ಯಾರು ಹೋದ್ರು ಅನ್ನೋದನ್ನ ಬರೆದಿಡೋ ಪುಸ್ತಕ ಅದು, ಅದನ್ನ ಬರೆಯೋರು ಹೆಚ್ಚಾಗಿ ಡೆಪ್ಯುಟಿ ಹೆಡ್ಡೇ, ಅಂದ್ರೆ ಸ್ಕೂಲಿನ ಹೆಡ್ ಆದ್ಮೇಲೆ ಎರಡನೇ ಸ್ಥಾನದಲ್ಲಿರೋರು. ಎರಡು ತಿಂಗಳ ಪುಟ ತಿರುವಿ ಹಾಕಿದ್ರೆ ಸಾಕು, ಯಾರ ಹೆಸರು ಪದೇ ಪದೇ ಬರುತ್ತೆ, ಯಾರ ಹೆಸರು ಬರೋದೇ ಇಲ್ಲ ಅಂತ ಗೊತ್ತಾಗುತ್ತೆ. ಎಷ್ಟೋ ಕಡೆ ಅತಿ ಹೆಚ್ಚು ಸಲ ಇರೋದು ಡೆಪ್ಯುಟಿದೇ ಹೆಸರು, ಯಾಕಂದ್ರೆ ಇನ್ನೊಬ್ಬರಿಗೆ ಹೇಳಿ ಮುಖ ಕೆಡಿಸ್ಕೊಳ್ಳೋದಕ್ಕಿಂತ ತಾವೇ ಹೋಗಿಬಿಡೋದು ಸುಲಭ.

ಇದನ್ನ ನೋಡಿ "ಆ ಮೇಡಂ ಸ್ವಲ್ಪ ಮೆತ್ತಗೆ" ಅಂತ ಜನ ಹೇಳಿಬಿಡ್ತಾರೆ. ನಾನು ಒಪ್ಪಲ್ಲ. ಸ್ವಭಾವದ ಪಾಲು ಇರುತ್ತೆ, ಆದ್ರೆ ದೊಡ್ಡ ಪಾಲು ಹೆಡ್‌ದು. ಡೆಪ್ಯುಟಿ ಅನ್ನೋ ಹುದ್ದೆಗೆ ತನ್ನದೇ ಅಂತ ಗಟ್ಟಿಯಾದ ಕೆಲಸ ಕಡಿಮೆ, ಹೆಡ್ ಏನು ಬಿಟ್ಟುಕೊಡ್ತಾರೋ ಅದೇ ಕೆಲಸ. ಕೆಲವು ಹೆಡ್‌ಗಳು ಕೆಲಸ ಕೊಡ್ತಾರೆ, ತೀರ್ಮಾನ ಮಾತ್ರ ತಮ್ಮ ಹತ್ರಾನೇ ಇಟ್ಕೋತಾರೆ. ಡೆಪ್ಯುಟಿ "ಆಗಲ್ಲ" ಅಂದಿದ್ದನ್ನ ಟೀಚರ್ ಒಬ್ಬರು ನೇರ ಹೆಡ್ ರೂಮಿಗೆ ಹೋಗಿ "ಆಗ್ಲಿ" ಅನ್ನಿಸ್ಕೊಂಡು ಬಂದ್ರು ಅಂತಿಟ್ಕೊಳ್ಳಿ, ಆಮೇಲೆ ಆ ಡೆಪ್ಯುಟಿ ಬಾಯಲ್ಲಿ "ಕೇಳಿ ಹೇಳ್ತೀನಿ" ಬಿಟ್ಟು ಬೇರೆ ಮಾತೇ ಬರಲ್ಲ. 1964ರಲ್ಲೇ ಮನಶ್ಶಾಸ್ತ್ರಜ್ಞ ರಾಬರ್ಟ್ ಕಾನ್ ಮತ್ತು ಅವರ ಜೊತೆಗಾರರು ಕೆಲಸದ ಒತ್ತಡದ ಬಗ್ಗೆ ಬರೀತಾ ಎರಡು ಸಂಗತಿಗಳನ್ನ ಬೇರೆ ಬೇರೆ ಮಾಡಿ ತೋರಿಸಿದ್ರು, ಒಂದು ನನ್ನ ಕೆಲಸ ಏನು ಅನ್ನೋದೇ ಸ್ಪಷ್ಟ ಇಲ್ಲದಿರೋದು, ಇನ್ನೊಂದು ಇಬ್ಬರು ಎರಡು ಕಡೆ ಎಳೆಯೋದು. ಡೆಪ್ಯುಟಿ ಕುರ್ಚಿಯಲ್ಲಿ ಎರಡೂ ಒಟ್ಟಿಗೇ ಕೂತಿರುತ್ವೆ, ಮೇಲಿಂದ ಹೆಡ್, ಪಕ್ಕದಿಂದ ನಿನ್ನೆವರೆಗೂ ಒಂದೇ ಟೇಬಲಲ್ಲಿ ಟೀ ಕುಡೀತಿದ್ದ ಸ್ಟಾಫ್ ರೂಮ್.

ಇನ್ನು ಟೈಮ್. ಪ್ರೈಮರಿಯಲ್ಲಿ ಸಾಮಾನ್ಯವಾಗಿ ಒಬ್ಬ ಟೀಚರ್ ಒಂದೇ ಕ್ಲಾಸ್ ಜೊತೆ ದಿನದ ಬಹುಪಾಲು ಇರ್ತಾರೆ, ಹೈಸ್ಕೂಲ್ ಥರ ಮಧ್ಯೆ ಮಧ್ಯೆ ಫ್ರೀ ಪೀರಿಯಡ್ ಸಿಗೋದು ಕಷ್ಟ. ಡೆಪ್ಯುಟಿಗೂ ತಮ್ಮದೇ ಕ್ಲಾಸ್ ಇದ್ರೆ ಮ್ಯಾನೇಜ್‌ಮೆಂಟ್ ಅನ್ನೋದು ಕಾರಿಡಾರಲ್ಲಿ ನಡೀತಾ, ಪ್ರೇಯರ್ ಮುಗಿದು ಮಕ್ಕಳು ಒಳಗೆ ಹೋಗೋ ಗ್ಯಾಪಲ್ಲಿ, ಊಟದ ಬೆಲ್ ಹೊತ್ತಲ್ಲಿ ಆಗೋ ಕೆಲಸ. ಹೆನ್ರಿ ಮಿಂಟ್ಸ್‌ಬರ್ಗ್ ಅನ್ನೋ ಮ್ಯಾನೇಜ್‌ಮೆಂಟ್ ಸಂಶೋಧಕರು ಸಂಸ್ಥೆಗಳನ್ನ ನಡೆಸೋ 5 ಜನ ಮುಖ್ಯಸ್ಥರ ಹಿಂದೆಯೇ ಇದ್ದು ಅವರ ದಿನ ಹೇಗೆ ಹೋಗುತ್ತೆ ಅಂತ ಬರ್ಕೊಂಡಿದ್ರು, 1973ರಲ್ಲಿ ಪುಸ್ತಕವಾಗಿ ಬಂತು. ಆ ಮುಖ್ಯಸ್ಥರು ಮಾಡ್ತಿದ್ದ ಕೆಲಸಗಳಲ್ಲಿ ಅರ್ಧದಷ್ಟು 9 ನಿಮಿಷ ಕೂಡ ನಡೀತಿರಲಿಲ್ಲ. ಅವರಿಗೇ ಹಾಗೆ, ಅದೂ ಬಾಗಿಲಾಚೆ ಒಂದು ಕ್ಲಾಸ್ ತುಂಬ ಮಕ್ಕಳು ಕೂಗಾಡ್ತಾ ಇಲ್ಲದೇನೇ! ಹಾಗಾಗಿ ಬೇರೆಯವರ ಪಾಠ ಕೂತು ನೋಡೋದು, ಹೊಸ ಟೀಚರ್ ಜೊತೆ ನಿಧಾನಕ್ಕೆ ಮಾತಾಡೋದು ಇದೆಲ್ಲ ನಾಳೆಗೆ ಹೋಗುತ್ತೆ. ಪೇರೆಂಟ್ ಬಂದು ಗೇಟಲ್ಲಿ ನಿಂತಿದ್ದು ನಾಳೆಗೆ ಹೋಗಲ್ಲವಲ್ಲ.

ಟ್ರೈನಿಂಗ್ ಬಗ್ಗೆ ಜಾಸ್ತಿ ಹೇಳೋಕಿಲ್ಲ, ಸಿಕ್ಕವರು ಕಡಿಮೆ, ಸಿಕ್ಕಿದ್ದೂ ಹೆಚ್ಚಾಗಿ ಫಾರ್ಮ್ ತುಂಬೋದು ಹೇಗೆ ಅನ್ನೋದೇ. ನಿಜವಾಗಿ ಕಲಿಯೋದು ನೋಡಿ ನೋಡಿ. ಟೀಚರ್‌ಗಳ ಬಗ್ಗೆ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲಿ ಇದನ್ನೇ ಬರೆದಿದ್ರು, ಪಾಠ ಮಾಡೋದನ್ನ ಅವರು ಬೆಂಚಲ್ಲಿ ಕೂತ ವರ್ಷಗಳಲ್ಲೇ ಕಲ್ತಿರ್ತಾರೆ ಅಂತ. ಡೆಪ್ಯುಟಿಗಳೂ ಅಷ್ಟೇ. ಒಬ್ಬರು ಪ್ರತಿ ಶುಕ್ರವಾರ ಎಲ್ಲಾ ಟೀಚರ್‌ಗಳ ಪ್ಲಾನ್ ಬುಕ್ ತರಿಸಿ ಪುಟಪುಟಕ್ಕೂ ಸೈನ್ ಹಾಕ್ತಿದ್ರು, ಓದ್ತಿರಲಿಲ್ಲ. ಯಾಕೆ ಮೇಡಂ ಅಂದೆ. "ನನಗಿಂತ ಮುಂಚೆ ಇದ್ದೋರು ಹೀಗೇ ಮಾಡ್ತಿದ್ರು ಸರ್" ಅಂದ್ರು.

ಈಗ ನಾನು ಒಂದು ಕೆಲಸ ಮಾಡಿಸ್ತೀನಿ. ಹೆಡ್ಡು, ಡೆಪ್ಯುಟಿ ಇಬ್ಬರಿಗೂ ಬೇರೆ ಬೇರೆ ಹಾಳೆ ಕೊಟ್ಟು, ಯಾರನ್ನೂ ಕೇಳದೆ ಡೆಪ್ಯುಟಿ ಏನೇನು ತೀರ್ಮಾನ ಮಾಡಬಹುದು ಬರೀರಿ ಅಂತೀನಿ. ಹೋದ ಸಲ ಹೆಡ್ ಹಾಳೆ ತುಂಬಿತ್ತು, ಡೆಪ್ಯುಟಿ ಹಾಳೆಯಲ್ಲಿ ಮೂರೇ ಸಾಲು. ಹೆಡ್‌ಗೆ ನಿಜವಾಗ್ಲೂ ಆಶ್ಚರ್ಯ, "ಪೇರೆಂಟ್ಸ್ ಮೀಟಿಂಗ್ ಡೇಟ್ ನೀವೇ ಫಿಕ್ಸ್ ಮಾಡಬಹುದಲ್ಲ ಮೇಡಂ?" ಅಂದ್ರು.

"ಹೋದ ವರ್ಷ ಮಾಡಿದ್ದೆ ಸರ್. ನೀವು ಚೇಂಜ್ ಮಾಡಿದ್ರಿ."